ಫೋನ್‌ನಲ್ಲಿ 'ಡಿಸ್ಪೋಸ್ಡ್' ಅಂತ ಬಂದರೆ ಪಟಾಕಿ ಹೊಡೆಯಬೇಡಿ

ಮೊನ್ನೆ ಮಧ್ಯಾಹ್ನ ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ ಕಾಫಿ ಕುಡಿಯುತ್ತಾ ನಿಂತಿದ್ದೆ. ಸಿಟಿ ಸಿವಿಲ್ ಕೋರ್ಟಿನಿಂದ ಆಗಷ್ಟೇ ಹೊರಗೆ ಬಂದಿದ್ದೆ, ಕರಿ ಕೋಟು ಇನ್ನೂ ಮೈಮೇಲೇ ಇತ್ತು. ನಮ್ಮ ಫೈಲುಗಳನ್ನೆಲ್ಲ ಜೆರಾಕ್ಸ್ ಮಾಡಿಕೊಡುವ ಹುಡುಗ ರಸ್ತೆ ದಾಟಿ ಓಡಿ ಬಂದ. "ಸಾರ್, ಮುಗೀತು ಸಾರ್! ನಮ್ ಬಾಸ್ ಕೇಸ್ ಕ್ಲೋಸ್!" ಅಂತ ಫೋನನ್ನು ನನ್ನ ಮುಖಕ್ಕೇ ಹಿಡಿದ. ಬಾಸ್ ಅಂದರೆ ಅವನ ನೆಚ್ಚಿನ ಸ್ಟಾರ್. ಇ-ಕೋರ್ಟ್ಸ್ ಆ್ಯಪ್ ತೆರೆದಿತ್ತು. ಪ್ರತಿ ಕೇಸಿಗೂ ಇರುವ 16 ಅಕ್ಷರದ ಸಿಎನ್‌ಆರ್ ನಂಬರ್ ಎಲ್ಲಿಂದಲೋ ಸಂಪಾದಿಸಿ, ಹಾಕಿ, ಹುಡುಕಿದ್ದಾನೆ. 'ಕೇಸ್ ಡಿಸ್ಪೋಸ್ಡ್', ಅಂದರೆ ವಿಲೇವಾರಿ ಆಗಿದೆ, ಅಂತ ಬಂದಿದೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೂ ಹೋಗಿಯಾಗಿತ್ತು.

ನಾನು ಕನ್ನಡಕ ಏರಿಸಿಕೊಂಡು ಒಂದೆರಡು ಸಾಲು ಕೆಳಗೆ ನೋಡಿದೆ. 'ಕಮಿಟೆಡ್' ಅಂತ ಇತ್ತು. "ಲೋ, ಇದು ಮುಗಿದಿದ್ದಲ್ಲ ಕಣೋ, ಈಗ ಶುರುವಾಗಿದ್ದು" ಅಂದೆ. ಅವನ ಮುಖ ನೋಡಬೇಕಿತ್ತು.

ಆ ಬಾಸ್ ಯಾರು ಅಂತ ಬರೆಯುವುದಿಲ್ಲ. ಕೇಸ್ ನಡೆಯುತ್ತಿದೆ. ಕೊಲೆ, ಅತ್ಯಾಚಾರದಂಥ ದೊಡ್ಡ ಅಪರಾಧಗಳ ವಿಚಾರಣೆಯನ್ನು ಮ್ಯಾಜಿಸ್ಟ್ರೇಟ್ ನಡೆಸುವಂತಿಲ್ಲ, ಸೆಷನ್ಸ್ ನ್ಯಾಯಾಧೀಶರೇ ನಡೆಸಬೇಕು. ಹಾಗಾಗಿ ಚಾರ್ಜ್‌ಶೀಟ್ ಬಂದ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು ಫೈಲನ್ನು ಮೇಲಕ್ಕೆ ಕಳಿಸುತ್ತದೆ. ಕಮಿಟ್ ಮಾಡುವುದು ಅಂತೀವಿ. ಕೆಳಗಿನ ಕೋರ್ಟಿನ ಲೆಕ್ಕದಲ್ಲಿ ಆ ನಂಬರ್ ಮುಗಿಯಿತು, ಮೇಲೆ ಎಸ್‌ಸಿ (ಸೆಷನ್ಸ್ ಕೇಸ್) ಅಂತ ಹೊಸ ನಂಬರ್ ಬೀಳುತ್ತದೆ, ಅಸಲಿ ವಿಚಾರಣೆ ಅಲ್ಲಿಂದ. ಜಾಮೀನು ಅರ್ಜಿಯದ್ದೂ ಇದೇ ಕಥೆ. ಅದಕ್ಕೆ ಬೇರೆಯೇ ನಂಬರ್ ಇರುತ್ತದೆ. ಜಾಮೀನು ಕೊಟ್ಟರೂ 'ಡಿಸ್ಪೋಸ್ಡ್', ತಿರಸ್ಕರಿಸಿದರೂ 'ಡಿಸ್ಪೋಸ್ಡ್'. ಆ ಪದವೊಂದನ್ನೇ ನೋಡಿ ಕುಣಿಯುವವರೂ ಇದ್ದಾರೆ, ಅಳುವವರೂ ಇದ್ದಾರೆ.

ಅಭಿಮಾನಿಗಳು ಹೆಚ್ಚು ಏಮಾರುವುದು ಜಾಮೀನಿನ ವಿಷಯದಲ್ಲೇ. ಜಾಮೀನು ಕೇಳುವಾಗ ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವ ತೀರ್ಮಾನ ಆಗುವುದಿಲ್ಲ. ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ, ಮತ್ತೆ ಅದೇ ಕೆಲಸ ಮಾಡುತ್ತಾನಾ, ಆರೋಪ ಎಷ್ಟು ಗಂಭೀರ, ಮೇಲ್ನೋಟಕ್ಕೆ ಏನಿದೆ, ನ್ಯಾಯಾಧೀಶರು ನೋಡುವುದು ಹೆಚ್ಚುಕಡಿಮೆ ಇಷ್ಟು. ಹೈಕೋರ್ಟಿನ ಎಷ್ಟೋ ಜಾಮೀನು ಆದೇಶಗಳಲ್ಲಿ, ಇಲ್ಲಿ ಹೇಳಿದ ಮಾತುಗಳು ಈ ಅರ್ಜಿಗೆ ಮಾತ್ರ ಸೀಮಿತ, ವಿಚಾರಣಾ ಕೋರ್ಟು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು ಅಂತ ಒಂದು ಸಾಲು ಇರುತ್ತದೆ. ಟಿವಿಯವರು ಆ ಸಾಲನ್ನು ಓದುವುದಿಲ್ಲ. ಷರತ್ತುಗಳನ್ನೂ ಓದುವುದಿಲ್ಲ. ಪಾಸ್‌ಪೋರ್ಟ್ ಕೋರ್ಟಿಗೆ ಒಪ್ಪಿಸಬೇಕು ಅಂತ ಷರತ್ತು ಇದ್ದರೆ, ಆರೋಪಿಯಾದ ಆಟಗಾರ ವಿದೇಶದ ಸರಣಿಗೆ ಹೋಗಬೇಕಾದಾಗಲೆಲ್ಲ ಅರ್ಜಿ ಹಾಕಿ ಅನುಮತಿ ತಗೊಳ್ಳಬೇಕು. ತಂಡದ ಆಯ್ಕೆ ಬಗ್ಗೆ ಜಗಳ ಆಡುವವರು ಇದನ್ನು ಮೊದಲು ನೋಡಬೇಕು.

ಕೊಟ್ಟ ಜಾಮೀನು ವಾಪಸ್ಸೂ ಹೋಗಬಹುದು. ಕುಸ್ತಿಪಟು ಸುಶೀಲ್ ಕುಮಾರ್ ಕೇಸ್ ನೆನಪಿಸಿಕೊಳ್ಳಿ. 2008ರ ಬೀಜಿಂಗ್‌ನಲ್ಲಿ ಕಂಚು, 2012ರ ಲಂಡನ್‌ನಲ್ಲಿ ಬೆಳ್ಳಿ ತಂದವರು. 2021ರ ಮೇ ತಿಂಗಳಲ್ಲಿ ದೆಹಲಿಯ ಛತ್ರಸಾಲ್ ಸ್ಟೇಡಿಯಂನಲ್ಲಿ ನಡೆದ ಹಲ್ಲೆಯಲ್ಲಿ ಕಿರಿಯ ಕುಸ್ತಿಪಟು ಒಬ್ಬ ಸತ್ತ, ಆ ಕೊಲೆ ಕೇಸಿನಲ್ಲಿ ಇವರು ಆರೋಪಿ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಜಾಮೀನು ಕೊಟ್ಟಿತು. ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ವಾರದೊಳಗೆ ಶರಣಾಗಿ ಅಂದಿತು. ಇಂಥ ಹೆಸರಿರುವ ಮನುಷ್ಯನಿಗೆ ಸಾಕ್ಷಿಗಳ ಮೇಲೆ ಪ್ರಭಾವ ಬೀರುವ ಶಕ್ತಿ ಇಲ್ಲ ಅನ್ನಲಾಗದು ಅನ್ನುವುದು ಅಲ್ಲಿದ್ದ ಒಂದು ಮುಖ್ಯ ಕಾರಣ. ಮರುದಿನವೇ ನಮ್ಮೂರಿನ ಸಿನಿಮಾ ನಟರೊಬ್ಬರ ಜಾಮೀನೂ ಹೋಯಿತು, ಅದು ನಿಮಗೆಲ್ಲ ಗೊತ್ತಿರುವುದೇ.

ಅಂದರೆ ಹೆಸರು ಅನ್ನುವುದು ಜಾಮೀನಿನ ತಕ್ಕಡಿಯಲ್ಲಿ ಆರೋಪಿಯ ವಿರುದ್ಧವೇ ತೂಗಬಹುದು. ಇದು ಅಭಿಮಾನಿಗಳ ತಲೆಗೆ ಹೋಗುವುದೇ ಇಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಕಬಡ್ಡಿ ಆಟಗಾರನ ಪರ ಜಾಮೀನಿಗೆ ನಿಂತಿದ್ದೆ. ಹೊಡೆದಾಟದ ಕೇಸು. ಹುಡುಗ ಒಳ್ಳೆಯವನು, ಹಿಂದೆ ಯಾವ ಕೇಸೂ ಇಲ್ಲ, ಜಾಮೀನು ಆ ವಾರವೇ ಆಗುತ್ತೆ ಅಂದುಕೊಂಡಿದ್ದೆ. ಸರ್ಕಾರಿ ವಕೀಲರು ಆಕ್ಷೇಪಣೆ ಹಾಕಿದರು. ಅದಕ್ಕೆ ಲಗತ್ತಿಸಿದ್ದ ಕಲರ್ ಪ್ರಿಂಟ್‌ಗಳನ್ನು ನೋಡಿ ನನ್ನ ಎದೆ ಧಸಕ್ ಅಂದಿತು. ನನ್ನ ಕಕ್ಷಿದಾರನ ಕಟೌಟಿಗೆ ಹಾಲು ಹೊಯ್ಯುತ್ತಿರುವ ಫೋಟೊ. ದೂರು ಕೊಟ್ಟವನ ಮನೆ ಮುಂದೆ ಸರ ಪಟಾಕಿ. ಕೊನೆಗೆ ಒಂದು ಫೇಸ್‌ಬುಕ್ ಪೋಸ್ಟ್: 'ಸಾಕ್ಷಿ ಹೇಳೋರು ಒಂದ್ಸಲ ಯೋಚನೆ ಮಾಡ್ಕೊಳ್ಳಿ'. ಬರೆದವನನ್ನು ನನ್ನ ಕಕ್ಷಿದಾರ ಯಾವತ್ತೂ ನೋಡಿಯೇ ಇರಲಿಲ್ಲ. ಆದರೂ ನ್ಯಾಯಾಧೀಶರು ಆ ಹಾಳೆಯನ್ನು ಎರಡು ಸಲ ತಿರುಗಿಸಿ ಓದಿದರು, ಆಮೇಲೆ ನನ್ನ ಕಡೆ ನೋಡಿದರು, ನನ್ನ ಬಳಿ ಹೇಳಲು ಜಾಸ್ತಿ ಏನೂ ಉಳಿದಿರಲಿಲ್ಲ. ಇನ್ನೂ ಮೂರು ವಾರ ಅವನು ಪರಪ್ಪನ ಅಗ್ರಹಾರದಲ್ಲೇ ಇದ್ದ. ಪ್ರೀತಿಸುವವರೇ ಕೊಡಿಸಿದ ಮೂರು ವಾರ.

ಇನ್ನು 'ತಪ್ಪೊಪ್ಪಿಕೊಂಡ ಸ್ಟಾರ್' ಅನ್ನುವ ಬ್ರೇಕಿಂಗ್ ನ್ಯೂಸ್. ಕಸ್ಟಡಿಗೆ ಹೋದ ಎರಡನೇ ದಿನಕ್ಕೆ ಇದು ಬಂದೇ ಬರುತ್ತದೆ. ನಮ್ಮ ಕಡೆ ಪೊಲೀಸರು ಬರೆದುಕೊಳ್ಳುವ ಈ ಕಾಗದಕ್ಕೆ 'ಸ್ವಇಚ್ಛಾ ಹೇಳಿಕೆ' ಅಂತ ಹೆಸರು. ಪೊಲೀಸರ ಮುಂದೆ ಒಪ್ಪಿಕೊಂಡಿದ್ದನ್ನು ಆರೋಪಿಯ ವಿರುದ್ಧ ಸಾಬೀತಿಗೆ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇದೆ. ಒಂದೇ ಒಂದು ಸಂದು ಇದೆ. ಹೇಳಿಕೆಯಿಂದಾಗಿ ಯಾವುದಾದರೂ ವಸ್ತು ಸಿಕ್ಕರೆ, ಆ ವಸ್ತು ಸಿಗಲು ಕಾರಣವಾದ ಮಾತಷ್ಟನ್ನು ಕೋರ್ಟು ನೋಡಬಹುದು. ಆದ್ದರಿಂದ 'ಒಪ್ಪಿಕೊಂಡ' ಅಂದಾಗ ನಾವು ವಕೀಲರು ಕೇಳುವುದು ಒಂದೇ: ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಮಹಜರು ಯಾರ ಮುಂದೆ ಮಾಡಿದರು?

ಈ ಮಹಜರು ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಷ್ಟೋ ಕೇಸುಗಳು ನಿಲ್ಲುವುದೂ ಬೀಳುವುದೂ ಇಲ್ಲೇ. ಪೊಲೀಸರು ಜಾಗಕ್ಕೆ ಹೋಗಿ ಬಟ್ಟೆಯೋ ಫೋನೋ ದೊಣ್ಣೆಯೋ ವಶಕ್ಕೆ ತಗೊಳ್ಳುವಾಗ ಹೊರಗಿನ ಇಬ್ಬರನ್ನು ಪಂಚರು ಅಂತ ನಿಲ್ಲಿಸಿಕೊಂಡು, ಬರೆದು, ಸಹಿ ಹಾಕಿಸುತ್ತಾರೆ. ಒಂದೆರಡು ವರ್ಷ ಕಳೆದು ಆ ಪಂಚ ಕಟಕಟೆಗೆ ಬರುತ್ತಾನೆ. ಟಿವಿ ಕ್ಯಾಮೆರಾ ಅಷ್ಟು ಹೊತ್ತಿಗೆ ಬೇರೆ ಯಾರದೋ ಮನೆ ಮುಂದೆ ಇರುತ್ತದೆ. ಸರ್ಕಾರಿ ವಕೀಲರು ಕೇಳುತ್ತಾರೆ, ಈ ಸಹಿ ನಿಮ್ಮದಾ? ನಂದೇ ಸಾರ್. ಏನು ವಶಪಡಿಸಿಕೊಂಡರು? ಗೊತ್ತಿಲ್ಲ ಸಾರ್. ಮತ್ತೆ ಸಹಿ ಯಾಕೆ ಹಾಕಿದ್ರಿ? ಸ್ಟೇಷನ್ನಿಗೆ ಕರೆದರು, ಹಾಕು ಅಂದರು, ಹಾಕಿದೆ. ಇಷ್ಟು ಹೇಳಲು ಎರಡು ನಿಮಿಷ ಸಾಕು. ಬೆರಳಚ್ಚಿನ ಹುಡುಗಿ ಟಕಟಕ ಅಂತ ಬರೆದುಕೊಳ್ಳುತ್ತಾಳೆ, ಸಾಕ್ಷಿ ಪ್ರತಿಕೂಲ ಅಂತ ದಾಖಲಾಗುತ್ತದೆ. ಹಾಗಂತ ಕೇಸು ಅಲ್ಲಿಗೇ ಸಾಯುವುದಿಲ್ಲ, ತನಿಖಾಧಿಕಾರಿಯ ಸಾಕ್ಷ್ಯ ಗಟ್ಟಿ ಇದ್ದರೆ ಕೋರ್ಟು ಅದನ್ನು ನಂಬಬಹುದು. ಆದರೆ ಅವತ್ತು ಸಂಜೆ ನಾನು ಮನೆಗೆ ಹೋಗುವಾಗ ಸ್ವಲ್ಪ ಹಗುರಾಗಿ ಹೋಗುತ್ತೇನೆ, ಸುಳ್ಳು ಯಾಕೆ ಹೇಳಲಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ, ಜಪ್ತಿಯನ್ನೆಲ್ಲ ವಿಡಿಯೊ ಮಾಡಬೇಕು ಅಂತ ಇದೆ. ಹಾಗಾಗಿ 'ಸ್ಟೇಷನ್ನಿನಲ್ಲಿ ಸಹಿ ಹಾಕಿದೆ' ಅನ್ನುವ ಮಾತು ಇನ್ನು ಮುಂದೆ ಮೊದಲಿನಷ್ಟು ಸಲೀಸಲ್ಲ.

ಕಾಲದ ಲೆಕ್ಕವನ್ನೂ ಸ್ವಲ್ಪ ತಿಳಿದುಕೊಂಡಿರಿ. ಆರೋಪಿ ಕಸ್ಟಡಿಯಲ್ಲಿದ್ದರೆ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದದ್ದಕ್ಕೆ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೇಳುವುದು ಅವನ ಹಕ್ಕು. ದೊಡ್ಡವರ ಕೇಸಿನಲ್ಲಿ ಪೊಲೀಸರು ಈ ಗಡುವು ತಪ್ಪಿಸುವುದು ಕಡಿಮೆ, ಹಾಗಾಗಿ ಎಂಬತ್ತೆಂಟನೇ ದಿನ 'ಬಿಗ್ ಟ್ವಿಸ್ಟ್' ಅಂತ ನೋಡಿದರೆ ಗಾಬರಿ ಬೇಡ. ಚಾರ್ಜ್‌ಶೀಟ್ ಅನ್ನುವುದು ಪೊಲೀಸರ ವಾದ, ಅಷ್ಟೇ. ಪೊಲೀಸರಿಗೇ ಕೇಸಿನಲ್ಲಿ ಹುರುಳಿಲ್ಲ ಅನ್ನಿಸಿದರೆ ಬಿ ರಿಪೋರ್ಟ್ ಹಾಕುತ್ತಾರೆ. ಅದೂ ಕೊನೆಯಲ್ಲ. ದೂರುದಾರರು ತಕರಾರು ಹಾಕಬಹುದು, ಮ್ಯಾಜಿಸ್ಟ್ರೇಟ್ ಆ ರಿಪೋರ್ಟನ್ನು ಒಪ್ಪದೆಯೂ ಇರಬಹುದು.

ಎಷ್ಟು ವರ್ಷ ಎಳೆಯಬಹುದು ಅಂತ ಕೇಳಿದರೆ ನಾನು ನವಜೋತ್ ಸಿಂಗ್ ಸಿಧು ಕಥೆ ಹೇಳುತ್ತೇನೆ. 1988ರ ಡಿಸೆಂಬರ್‌ನಲ್ಲಿ ಪಟಿಯಾಲದ ರಸ್ತೆಯಲ್ಲಿ ಜಗಳ, 65 ವರ್ಷದ ಒಬ್ಬರು ಸತ್ತರು. 1999ರಲ್ಲಿ ಕೆಳಗಿನ ಕೋರ್ಟು ಖುಲಾಸೆ ಮಾಡಿತು. 2006ರಲ್ಲಿ ಹೈಕೋರ್ಟು ತಪ್ಪಿತಸ್ಥ ಅಂದು ಮೂರು ವರ್ಷ ಶಿಕ್ಷೆ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು ಬರೀ ಗಾಯ ಮಾಡಿದ ಅಪರಾಧ ಅಂತ ಸಾವಿರ ರೂಪಾಯಿ ದಂಡ ಹಾಕಿತು. ಸತ್ತವರ ಮನೆಯವರು ಪುನರ್‌ಪರಿಶೀಲನೆಗೆ ಹೋದರು. 2022ರ ಮೇ 19ರಂದು ಅದೇ ಸುಪ್ರೀಂ ಕೋರ್ಟು ಒಂದು ವರ್ಷ ಕಠಿಣ ಸಜೆ ಅಂದಿತು. 33 ವರ್ಷದ ಮೇಲಾಯಿತು. ಅಷ್ಟರಲ್ಲಿ ಮನುಷ್ಯ ಕ್ರಿಕೆಟ್ ಆಡಿ ಮುಗಿಸಿ, ಕಾಮೆಂಟರಿ ಹೇಳಿ, ಸಂಸದರಾಗಿ, ಮಂತ್ರಿಯೂ ಆಗಿದ್ದರು. ಈ ನಾಲ್ಕು ತೀರ್ಪುಗಳಲ್ಲಿ ಯಾವುದಕ್ಕೆ ಸಿಹಿ ಹಂಚುತ್ತಿದ್ರಿ ಹೇಳಿ?

ಆಟದ ಮಂಡಳಿಯ ಕ್ರಮ ಬೇರೆ, ಕ್ರಿಮಿನಲ್ ಕೋರ್ಟು ಬೇರೆ. ಇದನ್ನೂ ಜನ ಕಲಸಿಬಿಡುತ್ತಾರೆ. ಕ್ರಿಕೆಟಿಗ ಶ್ರೀಶಾಂತ್‌ರನ್ನು 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಕೇಸಿನಿಂದ 2015ರ ಜುಲೈನಲ್ಲಿ ದೆಹಲಿ ಕೋರ್ಟು ಬಿಡುಗಡೆ ಮಾಡಿತು. ಅದು ಡಿಸ್ಚಾರ್ಜ್, ಅಂದರೆ ವಿಚಾರಣೆ ನಡೆಸುವಷ್ಟೂ ಸಾಮಗ್ರಿ ಇಲ್ಲ ಅಂತ ಬಾಗಿಲಲ್ಲೇ ಕಳಿಸಿದ್ದು. ಆದರೆ ಬಿಸಿಸಿಐ ನಿಷೇಧ ಹೋಗಲಿಲ್ಲ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಆಜೀವ ನಿಷೇಧ ಅತಿಯಾಯಿತು, ಶಿಕ್ಷೆಯ ಪ್ರಮಾಣವನ್ನು ಮತ್ತೆ ನೋಡಿ ಅಂದಿತು. ಆಮೇಲೆ ಅದು ಏಳು ವರ್ಷಕ್ಕೆ ಇಳಿಯಿತು. ಕ್ರಿಮಿನಲ್ ಕೋರ್ಟಿಗೆ ಸಂಶಯಕ್ಕೆ ಎಡೆಯಿಲ್ಲದ ಸಾಬೀತು ಬೇಕು, ಮಂಡಳಿಯ ಶಿಸ್ತು ಸಮಿತಿಗೆ ಅಷ್ಟು ಬೇಡ.

ನಮ್ಮದೇ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕೇಸು ಇನ್ನೂ ಚೆನ್ನಾಗಿದೆ. 2019ರಲ್ಲಿ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದಾಗ ಊರಿಗೆ ಊರೇ ತೀರ್ಪು ಕೊಟ್ಟಾಗಿತ್ತು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ನಡೆದಿದ್ದರೂ ಅದು 420ರ ವಂಚನೆ ಆಗುವುದಿಲ್ಲ ಅಂತ ಅರ್ಜಿದಾರರ ಮೇಲಿನ ಕೇಸ್ ರದ್ದು ಮಾಡಿತು. ಪ್ರೇಕ್ಷಕ ತಾನಾಗೇ ಟಿಕೆಟ್ ಕೊಂಡ, ಆಟಗಾರ ಅವನಿಗೆ ಆಸೆ ತೋರಿಸಿ ಕೊಳ್ಳಿಸಲಿಲ್ಲ, ಶಿಸ್ತು ಕ್ರಮ ಬೇಕಾದರೆ ಮಂಡಳಿ ತಗೊಳ್ಳಲಿ ಅನ್ನುವುದು ಅಲ್ಲಿನ ತರ್ಕ. ಅದರ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಿದೆ. ನಾನು ವಕೀಲನಾಗಿ ಆ ತರ್ಕವನ್ನು ಒಪ್ಪುತ್ತೇನೆ. ದುಡ್ಡು ಕೊಟ್ಟು ಬಿಸಿಲಲ್ಲಿ ಕೂತು ಮ್ಯಾಚ್ ನೋಡಿದವನಾಗಿ ಹೊಟ್ಟೆ ಉರಿಯುತ್ತದೆ.

ನಿಮ್ಮ ಮೇಲೇ ಕೇಸು ಬೀಳುವ ದಾರಿಗಳೂ ಇವೆ. ಅತ್ಯಾಚಾರದ ಆರೋಪ ಇರುವ ಕೇಸಿನಲ್ಲಿ ದೂರು ಕೊಟ್ಟ ಹೆಣ್ಣಿನ ಹೆಸರು, ಫೋಟೊ, ಊರು, ಕೆಲಸ, ಗುರುತು ಸಿಗುವಂಥ ಏನನ್ನೇ ಹಾಕಿದರೂ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂನಲ್ಲಿ ಎರಡು ವರ್ಷದವರೆಗೆ ಜೈಲು. 'ಅವಳ ಅಸಲಿ ಮುಖ ನೋಡಿ' ಅಂತ ಬಂದಿದ್ದನ್ನು ಫಾರ್ವರ್ಡ್ ಮಾಡಿದ ಹುಡುಗರು ಆಮೇಲೆ ನಮ್ಮ ಆಫೀಸಿನ ಬೆಂಚಿನ ಮೇಲೆ ಅಪ್ಪ ಅಮ್ಮನ ಜೊತೆ ತಲೆ ತಗ್ಗಿಸಿ ಕೂತಿರುತ್ತಾರೆ. ಅವರಿಗೆ ಯಾವ ಸ್ಟಾರೂ ಶ್ಯೂರಿಟಿ ಕೊಡಲು ಬರುವುದಿಲ್ಲ.

ಜೆರಾಕ್ಸ್ ಹುಡುಗನಿಗೆ ಇದರಲ್ಲಿ ಅರ್ಧದಷ್ಟು ಹೇಳಿದೆ, ಕಾಫಿ ಆರಿತು. ಸ್ಕ್ರೀನ್‌ಶಾಟ್ ಡಿಲೀಟ್ ಮಾಡಿದ, ಪಾಪ. ಅಷ್ಟು ಆಸಕ್ತಿ ಇದ್ದರೆ ಬಂದು ಕೂತು ನೋಡು, ಕೋರ್ಟು ತೆರೆದ ಬಾಗಿಲು, ಟಿಕೆಟ್ ಇಲ್ಲ ಅಂದೆ. ಅತ್ಯಾಚಾರದಂಥ ಕೆಲವು ಕೇಸುಗಳ ವಿಚಾರಣೆ ಮಾತ್ರ ಬಾಗಿಲು ಮುಚ್ಚಿ ನಡೆಯುತ್ತದೆ, ಮಿಕ್ಕಿದ್ದಕ್ಕೆ ಸಾಮಾನ್ಯವಾಗಿ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಮರುವಾರ ನಿಜವಾಗಿಯೂ ಬಂದ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು. ನನ್ನದೇ ಬೇರೊಂದು ಕೇಸು, ಸಾಕ್ಷಿಗೆ ಪಾಟೀ ಸವಾಲು ಇತ್ತು. ಬೀದಿ ದೀಪ ಉರಿಯುತ್ತಿತ್ತೋ ಇಲ್ಲವೋ, ಕಂಬದಿಂದ ಗೇಟಿಗೆ ಎಷ್ಟು ಅಡಿ, ಸಾಕ್ಷಿ ಕನ್ನಡಕ ಹಾಕಿದ್ದರೋ ಇಲ್ಲವೋ, ಇಷ್ಟರಲ್ಲೇ ಒಂದೂಮುಕ್ಕಾಲು ಗಂಟೆ ಹೋಯಿತು. ಊಟದ ಹೊತ್ತಿಗೆ ಮುಂದಿನ ತಿಂಗಳಿಗೆ ವಾಯಿದೆ ಬಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಕೇಳಿದ, "ದಿನಾ ಇಷ್ಟೇನಾ ಸಾರ್ ನಡೆಯೋದು?"

"ಇವತ್ತು ಜಾಸ್ತೀನೇ ನಡೀತು ಕಣಪ್ಪ" ಅಂದೆ.