ನೂರು ವಾದ್ಯಗಳ ನಡುವೆ ಒಂದು ಗಂಟಲು

ಪ್ರತಿ ವರ್ಷ ಜುಲೈನ ಒಂದು ಶುಕ್ರವಾರ ಸಂಜೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಶುರುವಾಗುತ್ತದೆ. ಸುಮಾರು ಎಂಟು ವಾರ ನಡೆಯುವ ಬೇಸಿಗೆಯ ಸಂಗೀತೋತ್ಸವ ಇದು. ಐದು ಸಾವಿರಕ್ಕೂ ಜಾಸ್ತಿ ಜನ ಹಿಡಿಸುವ ಜಾಗ, ನಡುವಿನ ಅಂಗಳದಲ್ಲಿ ಅಗ್ಗದ ಟಿಕೆಟ್ ತಗೊಂಡವರು ನಿಂತುಕೊಂಡೇ ಕೇಳುತ್ತಾರೆ. ವೇದಿಕೆ ಮೇಲೆ ಎಂಬತ್ತೋ ನೂರೋ ವಾದ್ಯಗಾರರು. ಅವರ ಮುಂದೆ, ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಪಕ್ಕದಲ್ಲಿ, ಒಬ್ಬ ಸೊಪ್ರಾನೊ, ಅಂದರೆ ಅತಿ ಎತ್ತರದ ಹೆಣ್ಣುದನಿಯ ಗಾಯಕಿ. ರೇಡಿಯೊಗೆಂದು ಮೈಕ್ ಇರುತ್ತದೆ, ಆದರೆ ಹಾಲ್ ಒಳಗೆ ಆಕೆಯ ದನಿಯನ್ನು ಜೋರು ಮಾಡುವ ಸ್ಪೀಕರ್ ಇರುವುದಿಲ್ಲ. ಆದರೂ ಮೇಲಿನ ಗ್ಯಾಲರಿಯಲ್ಲಿ ಇರುವವರಿಗೂ ಆಕೆ ಕೇಳಿಸುತ್ತಾಳೆ. ಹೇಗೆ?

ಜೋರಾಗಿ ಹಾಡುವುದರಿಂದ ಅಂದುಕೊಳ್ಳುವುದು ಸಹಜ. ಆದರೆ ಬರೀ ಜೋರಿನಲ್ಲಿ ಕಹಳೆ, ಡೋಲುಗಳ ಜೊತೆ ಯಾವ ಗಂಟಲೂ ಗೆಲ್ಲಲ್ಲ. ಗೆಲ್ಲುವುದು ಶಕ್ತಿಯನ್ನು ಎಲ್ಲಿ ಹಾಕಬೇಕು ಅನ್ನುವ ಲೆಕ್ಕದಲ್ಲಿ. ಇಡೀ ಆರ್ಕೆಸ್ಟ್ರಾದ ಸದ್ದನ್ನು ಅಳೆದರೆ ಅದರ ಬಲ ಹೆಚ್ಚಾಗಿ ಸುಮಾರು 500 ಹರ್ಟ್ಜ್ ಸುತ್ತಮುತ್ತ ಇರುತ್ತದೆ, ಅಂದರೆ ಸೆಕೆಂಡಿಗೆ 500 ಕಂಪನ. ಅಲ್ಲಿಂದ ಮೇಲೆ ಹೋದಷ್ಟೂ ಅದು ಬೇಗ ಬೇಗ ಇಳಿಯುತ್ತದೆ. ಗಂಡು ಗಾಯಕರು ಗಂಟಲಿನ ಕೆಳಭಾಗವನ್ನು ಒಂದು ಬಗೆಯಲ್ಲಿ ಹೊಂದಿಸಿಕೊಂಡು ತಮ್ಮ ದನಿಗೆ 3000 ಹರ್ಟ್ಜ್ ಆಸುಪಾಸಿನಲ್ಲಿ ಒಂದು ಹೊಳಪು ತಂದುಕೊಳ್ಳುತ್ತಾರೆ. ಅಲ್ಲಿ ಆರ್ಕೆಸ್ಟ್ರಾ ದುರ್ಬಲ, ನಮ್ಮ ಕಿವಿ ಮಾತ್ರ ತುಂಬಾ ಚುರುಕು. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು.

ಸೊಪ್ರಾನೊಗೆ ಮೇಲಿನ ಸ್ವರಗಳಲ್ಲಿ ಈ ಉಪಾಯ ಅಷ್ಟಾಗಿ ಕೈಗೆ ಬರುವುದಿಲ್ಲ. ಯಾವುದೇ ದನಿಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳೂ ಇರುತ್ತವೆ. ತಗ್ಗಿನ ದನಿಯಲ್ಲಿ ಅವು ಒತ್ತೊತ್ತಾಗಿ ಇರುತ್ತವೆ, ಹಾಗಾಗಿ 3000ದ ಹತ್ತಿರ ಯಾವುದಾದರೂ ಕೆಲವು ಸಿಕ್ಕೇ ಸಿಗುತ್ತವೆ. ಸೊಪ್ರಾನೊ ತನ್ನ ಮೇಲಿನ 'ಸಿ' (ಪಾಶ್ಚಾತ್ಯ ಸಂಗೀತದ ಒಂದು ಸ್ವರ) ಹಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಹೆಚ್ಚುಕಡಿಮೆ 1047 ಸಲ ಬಡಿದುಕೊಳ್ಳುತ್ತವೆ. ಆಮೇಲಿನ ಉಪಸ್ವರ ಸಿಗುವುದು 2094ರಲ್ಲಿ. ನಡುವೆ ಖಾಲಿ.

ಹಾಗಾಗಿ ಆಕೆ ಬಾಯಿಯನ್ನೇ ಶ್ರುತಿ ಮಾಡುತ್ತಾಳೆ. ಗಂಟಲಿನಿಂದ ತುಟಿವರೆಗಿನ ಟೊಳ್ಳು ಜಾಗಕ್ಕೆ ತನ್ನದೇ ಅನುರಣನ ಇರುತ್ತದೆ, ಕೆಲವು ಕಂಪನಗಳನ್ನು ಅದು ಎತ್ತಿ ಕೊಡುತ್ತದೆ. 'ಇ' ಅಂದಾಗ ಮೊದಲ ಅನುರಣನ 300 ಹರ್ಟ್ಜ್ ಹತ್ತಿರ, 'ಆ' ಅಂದಾಗ 800 ದಾಟಬಹುದು. 900ರ ಸ್ವರವನ್ನು 'ಇ' ಬಾಯಿಯಲ್ಲಿ ಹಾಡಿದರೆ 300ರ ಅನುರಣನ ಅಲ್ಲಿ ಸುಮ್ನೆ ವ್ಯರ್ಥ. ಯಾವುದಾದರೂ ವಿಡಿಯೊ ಹಾಕಿ ಸೊಪ್ರಾನೊಳ ಮುಖವನ್ನೇ ನೋಡಿ. ಸ್ವರ ಏರುತ್ತಿದ್ದ ಹಾಗೆ ದವಡೆ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ, ತುಟಿಯ ಅಂಚು ಅಗಲವಾಗುತ್ತದೆ, ತುದಿಯ ಸ್ವರಕ್ಕೆ ಬರುವ ಹೊತ್ತಿಗೆ ಬಾಯಿ ಪೂರ್ತಿ ತೆರೆದಿರುತ್ತದೆ. ಅದು ಭಾವಾಭಿನಯ ಮಾತ್ರ ಅಲ್ಲ. ದವಡೆ ಇಳಿದಂತೆ ಅನುರಣನ ಮೇಲೇರುತ್ತದೆ, ಮೂಲ ಸ್ವರದ ಜೊತೆಜೊತೆಗೇ ಸಾಗುತ್ತದೆ. ಅಷ್ಟೇ ಶ್ರಮಕ್ಕೆ ದನಿ ಎಷ್ಟೋ ಪಟ್ಟು ತುಂಬಿ ಬರುತ್ತದೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಹಾಡುತ್ತಿರುವ ಸೊಪ್ರಾನೊಗಳ ತುಟಿಯ ಬಳಿಯೇ ಒಂದು ಸಣ್ಣ ಸದ್ದು ಹೊರಡಿಸಿ, ಬಾಯೊಳಗಿನ ಅನುರಣನವನ್ನು ನೇರವಾಗಿ ಅಳೆದು 2004ರಲ್ಲಿ ಇದನ್ನು ಪ್ರಕಟಿಸಿದರು.

ಇದಕ್ಕೆ ತೆರಬೇಕಾದ ಬೆಲೆ ಮಾತು. 'ಇ', 'ಉ', 'ಆ' ಬೇರೆಬೇರೆ ಅಂತ ನಮಗೆ ಗೊತ್ತಾಗುವುದು ಈ ಅನುರಣನಗಳ ಜಾಗದಿಂದಲೇ ಅಲ್ವಾ? ಎಲ್ಲವನ್ನೂ ಒಂದೇ ಕಡೆ ಎಳೆದು ತಂದರೆ ಎಲ್ಲವೂ 'ಆ' ತರಹವೇ ಕೇಳಿಸುತ್ತವೆ. ಮೇಲಿನ ಸ್ವರಗಳಲ್ಲಿ ಸಾಹಿತ್ಯ ಅರ್ಥವಾಗಲಿಲ್ಲ ಅಂತ ಗಾಯಕಿಯ ಉಚ್ಚಾರಣೆಯನ್ನು ದೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಯಾಕೆಂದರೆ ಅಲ್ಲಿ ಆಕೆಗೆ ಬೇರೆ ದಾರಿಯೇ ಇಲ್ಲ. ಒಳ್ಳೆಯ ಸಂಗೀತ ರಚನೆಕಾರರಿಗೆ ಇದು ಗೊತ್ತಿತ್ತು. ಜರ್ಮನ್ ರಚನೆಕಾರ ವಾಗ್ನರ್‌ನ ಒಪೆರಾಗಳನ್ನು, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳನ್ನು, ಸಿಡ್ನಿಯ ಅದೇ ತಂಡ ಲೆಕ್ಕ ಹಾಕಿ ನೋಡಿದಾಗ, ಎತ್ತರದ ಸ್ವರಗಳಿಗೆ ಬಾಯಿ ತೆರೆಯುವ ಅಕ್ಷರಗಳೇ ಬರುವಂತೆ ಆತ ಸಾಹಿತ್ಯ ಹೊಂದಿಸಿದ್ದು ಕಂಡುಬಂತು. ಆ ಸಾಹಿತ್ಯವನ್ನು ಬರೆದವನೂ ಆತನೇ.

ಹಾಲ್‌ನ ಪಾತ್ರವೂ ಸಣ್ಣದಲ್ಲ. ಆಲ್ಬರ್ಟ್ ಹಾಲ್‌ನ ಗುಮ್ಮಟ ನೆಲದಿಂದ ಸುಮಾರು 40 ಮೀಟರ್ ಎತ್ತರದಲ್ಲಿದೆ. ದನಿ ಅಲ್ಲಿಗೆ ಹೋಗಿ ಬರಲು ಕಾಲು ಸೆಕೆಂಡಿನ ಹತ್ತಿರ ಬೇಕು, ಅಷ್ಟು ತಡವಾಗಿ ಬಂದರೆ ಕಿವಿ ಅದನ್ನು ಬೇರೆಯದೇ ಸದ್ದು ಅಂತ ಹಿಡಿಯುತ್ತದೆ. 1871ರಲ್ಲಿ ಹಾಲ್ ತೆರೆದ ದಿನದಿಂದಲೇ ಈ ಪ್ರತಿಧ್ವನಿಯ ಕಾಟ ಇತ್ತು. 1969ರಲ್ಲಿ ಫೈಬರ್‌ಗ್ಲಾಸಿನ ದೊಡ್ಡ ದೊಡ್ಡ ಬಿಲ್ಲೆಗಳನ್ನು ಮೇಲಿಂದ ತೂಗುಹಾಕಿದ ಮೇಲೆ ಅದು ಹಿಡಿತಕ್ಕೆ ಬಂತು.

ಅಂದರೆ 1950ರ ಮೇ 22ರಂದು ಇಲ್ಲಿ ನಾರ್ವೆಯ ಸೊಪ್ರಾನೊ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದಾಗ ಆ ಬಿಲ್ಲೆಗಳಿರಲಿಲ್ಲ. ಪ್ರಾಮ್ಸ್‌ನ ಕಛೇರಿ ಅಲ್ಲ ಅದು, ಆದರೆ ನಮಗೆ ಅದರ ನೆನಪು ಬೇಕು. ಜರ್ಮನ್ ರಚನೆಕಾರ ರಿಚರ್ಡ್ ಸ್ಟ್ರೌಸ್ ಸೊಪ್ರಾನೊ ಮತ್ತು ಆರ್ಕೆಸ್ಟ್ರಾಗೆಂದು ಬರೆದ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಕೇಳಿಸಿದ್ದು ಅವತ್ತು, ಅದರ ಖರ್ಚಿಗೆ ಜಾಮೀನು ನಿಂತವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಕಛೇರಿಯ ಧ್ವನಿಮುದ್ರಣ ಹಡಗು ಹತ್ತಿ ಮೈಸೂರಿಗೆ ಬರಬೇಕು ಅನ್ನುವುದು ಅವರ ಆಸೆಯಾಗಿತ್ತು.

ಇನ್ನು ಶ್ರುತಿಯ ಕಥೆ, ಎಲ್ಲಕ್ಕಿಂತ ನನಗೆ ಇಷ್ಟವಾದದ್ದು. ನಮ್ಮಲ್ಲಿ ಹಾಡುವವರು ತಮ್ಮ ಗಂಟಲಿಗೆ ಒಗ್ಗುವ ಶ್ರುತಿ ಹಿಡಿಯುತ್ತಾರೆ, ತಂಬೂರಿಯನ್ನು ಅದಕ್ಕೆ ಕೂಡಿಸುತ್ತಾರೆ. ಆರ್ಕೆಸ್ಟ್ರಾದಲ್ಲಿ ಓಬೊ ಎಂಬ ಊದುವ ವಾದ್ಯ 'ಎ' ಸ್ವರ ಕೊಡುತ್ತದೆ, ಗಾಯಕಿ ಅದಕ್ಕೇ ಹೊಂದಿಕೊಳ್ಳಬೇಕು. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಈ 'ಎ' 452 ಹರ್ಟ್ಜ್‌ವರೆಗೆ ಏರಿತ್ತು, ಫ್ರಾನ್ಸಿನಲ್ಲಿ 435. ಹತ್ತಿರ ಹತ್ತಿರ ಅರ್ಧ ಸ್ವರದ ವ್ಯತ್ಯಾಸ. 1895ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಪ್ರಾಮ್ಸ್ ಶುರು ಮಾಡಲು ಆ ಹಾಲ್‌ನ ಮ್ಯಾನೇಜರ್ ರಾಬರ್ಟ್ ನ್ಯೂಮನ್‌ಗೆ ಹಣ ಕೊಟ್ಟವರು ಜಾರ್ಜ್ ಕ್ಯಾತ್‌ಕಾರ್ಟ್ ಎಂಬ ಕಿವಿ-ಮೂಗು-ಗಂಟಲಿನ ಡಾಕ್ಟರ್. ಎರಡು ಷರತ್ತು ಹಾಕಿದರು: ಹೆನ್ರಿ ವುಡ್ ಕಂಡಕ್ಟರ್ ಆಗಬೇಕು, ಶ್ರುತಿ ಇಳಿಸಬೇಕು. ಏರಿದ ಶ್ರುತಿ ಹಾಡುವವರ ಗಂಟಲು ಕೆಡಿಸುತ್ತದೆ ಅನ್ನುವುದು ಅವರ ಮಾತು. ಊದುವ ವಾದ್ಯಗಳವರು ಹೊಸ ವಾದ್ಯ ಕೊಳ್ಳಲು ಒಪ್ಪಲಿಲ್ಲ. ಡಾಕ್ಟರೇ ಬೆಲ್ಜಿಯಂನಿಂದ ಒಂದು ಸೆಟ್ ತರಿಸಿ ಎರವಲು ಕೊಟ್ಟರು.

ಫ್ರಾನ್ಸಿನ ಆ 435 ಎನ್ನುವುದು 15 ಡಿಗ್ರಿ ಉಷ್ಣತೆಯ ಅಳತೆ. ಜನ ತುಂಬಿದ ಹಾಲ್ ಅದಕ್ಕಿಂತ ಬೆಚ್ಚಗಿರುತ್ತದೆ, ಬಿಸಿ ಗಾಳಿಯಲ್ಲಿ ಶಬ್ದದ ವೇಗ ಜಾಸ್ತಿ, ಕೊಳವೆ ವಾದ್ಯಗಳ ಶ್ರುತಿ ತಾನಾಗಿ ಏರುತ್ತದೆ. 20 ಡಿಗ್ರಿಗೆ ಲೆಕ್ಕ ಹಾಕಿದರೆ 439 ಬರುತ್ತದೆ, ಲಂಡನ್ನಿನವರು ಅದನ್ನೇ ಹಿಡಿದರು. 1939ರಲ್ಲಿ ಅಲ್ಲಿಯೇ ಸೇರಿದ ಅಂತರರಾಷ್ಟ್ರೀಯ ಸಭೆ 440 ಅಂತ ಗೊತ್ತುಮಾಡಿತು. 439 ಅವಿಭಾಜ್ಯ ಸಂಖ್ಯೆ, ಅದನ್ನು ವಿದ್ಯುತ್ ಉಪಕರಣದಲ್ಲಿ ಭಾಗಿಸಿ ಗುಣಿಸಿ ಹುಟ್ಟಿಸುವುದು ಕಷ್ಟವಾಗಿತ್ತು. 452ಕ್ಕೆ ಹೋಲಿಸಿದರೆ 440ರಲ್ಲಿ ಸೊಪ್ರಾನೊಳ ಮೇಲಿನ 'ಸಿ'ಗೆ ಸೆಕೆಂಡಿಗೆ ಸುಮಾರು 30 ಬಡಿತ ಕಡಿಮೆ. ಪ್ರಾಮ್ಸ್‌ನ ಆ ಮೊದಲ ಸೀಸನ್ ಮುಗಿಯುವ ಹೊತ್ತಿಗೇ ಇಳಿದ ಶ್ರುತಿಯೇ ಉಳಿಯುತ್ತದೆ ಅಂತ ವಾದ್ಯಗಾರರಿಗೂ ಖಾತ್ರಿಯಾಗಿ, ಆ ಬೆಲ್ಜಿಯಂ ವಾದ್ಯಗಳನ್ನು ಡಾಕ್ಟರಿಂದ ಅವರೇ ಕೊಂಡುಕೊಂಡರು.