ಹವಾ ಬದಲಾವಣೆಗೆ ಕರ್ಕೊಂಡು ಹೋಗೋದಾ ಡಾಕ್ಟ್ರೇ?

ಏಳು ವರ್ಷದ ಹುಡುಗ, ಬೆನ್ನುಮೂಳೆಗೆ ಟಿಬಿ. ನೆಲಕ್ಕೆ ಬಿದ್ದ ಪೆನ್ಸಿಲ್ ಎತ್ತಿಕೋ ಅಂದರೆ ಬೆನ್ನು ಬಗ್ಗಿಸುತ್ತಿರಲಿಲ್ಲ. ತೊಡೆಗೆ ಕೈ ಊರಿ, ಕುಕ್ಕರಗಾಲಲ್ಲಿ ಕೂತು ಎತ್ತಿಕೊಳ್ಳುತ್ತಿದ್ದ. ಅದನ್ನು ನೋಡಿದರೇ ನಮಗೆ ಅನುಮಾನ ಬಂದುಬಿಡುತ್ತದೆ, ಎಂಆರ್‌ಐ ಆಮೇಲಿನ ಮಾತು. ಮಾತ್ರೆ ಬರೆದು, ಬೆನ್ನಿಗೆ ಆಸರೆಯಾಗಿ ಕಟ್ಟುವ ಬ್ರೇಸ್‌ಗೆ ಅಳತೆ ಕೊಡಲು ಹೇಳಿ ಮುಗಿಸುವಾಗ ಅಜ್ಜಿ ಕೇಳಿದರು: "ಮಡಿಕೇರಿಯಲ್ಲಿ ನಮ್ಮ ತಂಗಿ ಮನೆ ಇದೆ. ಎರಡು ತಿಂಗಳು ಹವಾ ಬದಲಾವಣೆಗೆ ಕರ್ಕೊಂಡು ಹೋಗೋದಾ ಡಾಕ್ಟ್ರೇ?"

ನನಗೆ ನಗು ಬರಲಿಲ್ಲ. ನೂರು ವರ್ಷದ ಹಿಂದೆ ಯೂರೋಪಿನ ದೊಡ್ಡ ದೊಡ್ಡ ಡಾಕ್ಟರುಗಳೂ ಇದನ್ನೇ ಹೇಳುತ್ತಿದ್ದರು.

ಸ್ವಿಟ್ಜರ್ಲೆಂಡಿನಲ್ಲಿ ಲೇಸಿನ್ ಅಂತ ಒಂದು ಬೆಟ್ಟದ ಊರಿದೆ. 1900ರಲ್ಲಿ ಕೆಳಗಿನ ಎಗ್ಲ್ ಪಟ್ಟಣದಿಂದ ಅಲ್ಲಿಗೆ ಹಲ್ಲುಹಳಿಯ ರೈಲು, ಅಂದರೆ ಹಲ್ಲಿರುವ ಹಳಿ ಕಚ್ಚಿಕೊಂಡು ಬೆಟ್ಟ ಹತ್ತುವ ರೈಲು, ಬಂತು. ಮೂರು ವರ್ಷ ಕಳೆದು, 1903ರಲ್ಲಿ, ಒಗ್ಯುಸ್ತ್ ರೋಲಿಯೆ ಎಂಬ ಡಾಕ್ಟರ್ ಮೂಳೆ ಮತ್ತು ಕೀಲಿನ ಟಿಬಿಗೆ ಅಲ್ಲಿ ಕ್ಲಿನಿಕ್ ತೆರೆದ. ಈತ ಮೊದಲು ಬರ್ನ್‌ನಲ್ಲಿ ಪ್ರಸಿದ್ಧ ಸರ್ಜನ್ ಕೋಖರ್ ಕೈಕೆಳಗೆ ಕೆಲಸ ಮಾಡಿದ್ದವನು. ಮೂಳೆ ಕೊರೆಯುವ ಆಪರೇಷನ್ ಬಿಟ್ಟು ಬಿಸಿಲನ್ನು ನಂಬಿದ.

ಬಿಸಿಲು ಅಂದರೆ ಸುಮ್ನೆ ಹೊರಗೆ ಮಲಗಿಸುವುದಲ್ಲ. ಮೊದಲ ದಿನ ಪಾದಕ್ಕೆ ಮಾತ್ರ, ಐದು ನಿಮಿಷ. ಎರಡನೇ ದಿನ ಪಾದಕ್ಕೆ ಹತ್ತು, ಮೊಣಕಾಲವರೆಗೆ ಐದು. ಮೂರನೇ ದಿನ ಪಾದಕ್ಕೆ ಹದಿನೈದು, ಮೊಣಕಾಲಿಗೆ ಹತ್ತು, ತೊಡೆಗೆ ಐದು. ರೋಗ ಬೆನ್ನಿನಲ್ಲೇ ಇದ್ದರೂ ಶುರು ಮಾತ್ರ ಪಾದದಿಂದ. ತಲೆಗೆ ಬಿಳಿ ಟೋಪಿ. ನಾವು ಮಾತ್ರೆಯ ಡೋಸ್ ಲೆಕ್ಕ ಹಾಕುತ್ತೇವಲ್ಲ, ಆತ ಬಿಸಿಲಿನ ಡೋಸ್ ಲೆಕ್ಕ ಹಾಕಿದ.

ಬೆನ್ನುಮೂಳೆಯ ಟಿಬಿ ಇದ್ದ ಮಕ್ಕಳನ್ನು ಚಕ್ರದ ಮಂಚದಲ್ಲಿ ಬಾಲ್ಕನಿಗೆ ತಳ್ಳಿಕೊಂಡು ಬಂದು ಹೊಟ್ಟೆ ಮೇಲೆ ಮಲಗಿಸುತ್ತಿದ್ದರು. ಎದೆಯ ಕೆಳಗೆ ದಿಂಬು, ಮೊಣಕೈ ಊರಿ ತಲೆ ಎತ್ತಿದ ಹಾವಿನ ಹಾಗೆ. ಗೂನು ಜಾಸ್ತಿ ಆಗದಿರಲಿ, ಬೆನ್ನಿನ ಸ್ನಾಯು ಬಲಿಯಲಿ, ಬೆನ್ನಿಗೂ ಬಿಸಿಲು ಬೀಳಲಿ ಅಂತ. ಪ್ಲಾಸ್ಟರ್ ಕಂಡರೆ ರೋಲಿಯೆಗೆ ಆಗುತ್ತಿರಲಿಲ್ಲ. ಅದರೊಳಗೆ ಸ್ನಾಯು ಸೊರಗುತ್ತದೆ ಅನ್ನುತ್ತಿದ್ದ. ಮೂಳೆ ಡಾಕ್ಟರಾಗಿ ಈ ಮಾತಿಗೆ ನಾನೂ ತಲೆಯಾಡಿಸುತ್ತೇನೆ. 1910ರಲ್ಲಿ ಹತ್ತಿರದ ಸೆರ್ನ್ಯಾದಲ್ಲಿ ಸಣಕಲು ಮಕ್ಕಳಿಗೆ ಬಿಸಿಲ ಶಾಲೆಯನ್ನೂ ತೆರೆದ. ಮಕ್ಕಳು ಮಡಚುವ ಪುಟ್ಟ ಮೇಜನ್ನು ಬೆನ್ನಿಗೆ ಹೊತ್ತು, ಚಡ್ಡಿ ಟೋಪಿಯಲ್ಲೇ ಹಿಮದಲ್ಲಿ ಹೋಗಿ ಪಾಠ ಕೇಳುತ್ತಿದ್ದರು.

ಮುಂದೆ ಪ್ರಧಾನಿಯಾದ ಇಂದಿರಾ ಕೂಡ 1939ರ ಡಿಸೆಂಬರ್‌ನಲ್ಲಿ ರೋಲಿಯೆಯ ಕ್ಲಿನಿಕ್ಕಿಗೆ ಸೇರಿ ಹೆಚ್ಚುಕಡಿಮೆ ಒಂದು ವರ್ಷ ಇದ್ದರು. ಆಗ ಅವರಿಗೆ 22 ವರ್ಷ.

ಹಾಗಾದರೆ ವಾಸಿ ಮಾಡಿದ್ದು ಬೆಟ್ಟದ ಗಾಳಿಯಾ? ನನ್ನ ಲೆಕ್ಕದಲ್ಲಿ ಗಾಳಿಗೆ ಕೊನೇ ಪಾಲು. ಬಿಸಿಲಿನಿಂದ ವಿಟಮಿನ್ ಡಿ ಸಿಗುತ್ತದೆ, ಕ್ರಿಮಿಯ ಜೊತೆ ಹೋರಾಡುವ ಜೀವಕೋಶಗಳಿಗೆ ಅದು ಬೇಕು, ನಿಜ. ಆದರೆ ಆ ಮಕ್ಕಳಿಗೆ ಹೊಟ್ಟೆ ತುಂಬ ಊಟ, ಅಲುಗಾಡದ ಬೆನ್ನು, ಮತ್ತು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಸಮಯ ಸಿಕ್ಕಿತ್ತು. ಟಿಬಿ ಕ್ರಿಮಿಯನ್ನು ಕೊಲ್ಲುವ ಔಷಧಿಯೇ ಆಗ ಇರಲಿಲ್ಲವಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಬಿಳಿ ಟೋಪಿಯ ಮಕ್ಕಳ ಹಳೇ ಫೋಟೋಗಳಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಆದರೆ ಅಪ್ಪ ಅಮ್ಮ ಅಲ್ಲಿಲ್ಲ. ಐದು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಅದರ ಆಯುಸ್ಸಿನ ಐದನೇ ಒಂದು ಭಾಗ, ಅಲ್ವಾ?

ಟಿಬಿ ರೋಗಿಗಳನ್ನು ಒಳ್ಳೇ ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಇಂಥ ಆಸ್ಪತ್ರೆಗೆ ಸ್ಯಾನಟೋರಿಯಂ ಅಂತ ಹೆಸರು. ಈ ಸ್ಯಾನಟೋರಿಯಂ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು ನಮ್ಮ ಪಕ್ಕದ ಮದ್ರಾಸು. 1956ರಲ್ಲಿ ಶುರುವಾದ ಅಧ್ಯಯನದಲ್ಲಿ ಶ್ವಾಸಕೋಶದ ಟಿಬಿಯ ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಟೋರಿಯಂಗೆ ಸೇರಿಸಿದರು. ಉಳಿದವರಿಗೆ ಇಕ್ಕಟ್ಟಿನ ಮನೆಯಲ್ಲೇ ಅದೇ ಮಾತ್ರೆ. ವರ್ಷದ ಕೊನೆಗೆ ಎರಡು ಗುಂಪಿನ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಮನೆಯವರಿಗೆ ಹೆಚ್ಚಾಗಿ ಹರಡಲೂ ಇಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಕೆಲಸ ಮಾಡಿದ್ದು ಮಾತ್ರೆಯೇ ಹೊರತು ಜಾಗ ಅಲ್ಲ ಅಂತ ಜಗತ್ತು ಒಪ್ಪತೊಡಗಿತು.

ಅಜ್ಜಿಗೆ ಹೇಳಿದ್ದು ಇಷ್ಟು. ಮೂಳೆ ಟಿಬಿಗೆ ಸಾಮಾನ್ಯವಾಗಿ 12 ತಿಂಗಳು ಮಾತ್ರೆ, ಒಂದು ದಿನವೂ ತಪ್ಪಬಾರದು. ಮೂತ್ರ ಕೆಂಪಗೆ ಬಂದರೆ ಗಾಬರಿ ಬೇಡ, ಅದು ರಿಫಾಂಪಿಸಿನ್ ಅನ್ನೋ ಟಿಬಿ ಮಾತ್ರೆಯ ಬಣ್ಣ. ಆದರೆ ಕಣ್ಣು ಹಳದಿಯಾದರೆ ಅಥವಾ ಕಾಲು ಸೋತರೆ ಅವತ್ತೇ ಬನ್ನಿ. ಮೊಟ್ಟೆ, ಕಾಳು, ಹಾಲು ಕೊಡಿ. ಮಡಿಕೇರಿಗೆ ಬೇಕಾದರೆ ನಾಲ್ಕು ದಿನ ಹೋಗಿ ಬನ್ನಿ, ಮಾತ್ರೆ ಡಬ್ಬಿ ಮರೀಬೇಡಿ. ಜುಲೈನಲ್ಲಂತೂ ಹೋಗಬೇಡಿ, ಬಿಸಿಲೂ ಸಿಗಲ್ಲ, ಬಟ್ಟೆಯೂ ಒಣಗಲ್ಲ.

ಮೊನ್ನೆ ಬಂದಿದ್ದರು, ಎಂಟನೇ ತಿಂಗಳು. ಬ್ರೇಸ್ ಬಿಗಿಯಾಗಿದೆ, ಚುಚ್ಚುತ್ತೆ ಅಂತ ಹುಡುಗನ ತಕರಾರು. ತೂಕ ನೋಡಿದರೆ ಮೂರು ಕಿಲೋ ಜಾಸ್ತಿ. ಹೊಸದಕ್ಕೆ ಅಳತೆ ತೆಗೆಸಿ ಕಳಿಸಿದೆ.