ಒಲಿಗಾರ್ಕ್: ಅರ್ಧ ಪದವನ್ನಷ್ಟೇ ಓದಿದವರಿಗೆ

ವರನ ತಂದೆಗೆ ನಾಲ್ಕಾರು ಕಾರ್ಖಾನೆಗಳಿವೆ ಎಂಬ ಒಂದೇ ಕಾರಣಕ್ಕೆ ಮದುವೆಯೊಂದರ ವರದಿಯಲ್ಲಿ ಬೀಗರಿಬ್ಬರನ್ನೂ ‘ಒಲಿಗಾರ್ಕ್‌ಗಳು’ ಎಂದು ಕರೆದದ್ದನ್ನು ಓದಿದ ಮೇಲೆ ಈ ಟಿಪ್ಪಣಿ ಬರೆಯದೆ ವಿಧಿಯಿಲ್ಲವೆನಿಸಿತು. ಅದಕ್ಕೂ ಮುನ್ನ ಸಿಮೆಂಟ್ ಮಾರುಕಟ್ಟೆಯನ್ನು ಕುರಿತ ಲೇಖನವೊಂದರಲ್ಲಿ ‘ಒಲಿಗಾರ್ಕಿ’ ಕಾಣಿಸಿಕೊಂಡಿತ್ತು. ಅಲ್ಲಿ ಇರಬೇಕಾಗಿದ್ದದ್ದು ಒಲಿಗಾಪಲಿ, ಅಂದರೆ ಮಾರುವವರು ಕೆಲವರೇ ಇರುವ ಮಾರುಕಟ್ಟೆ. ಅದನ್ನು ಕೈತಪ್ಪು ಎಂದು ಬಿಡಬಹುದು. ಬೀಗರ ವಿಷಯವನ್ನು ಬಿಡಲಾಗದು, ಏಕೆಂದರೆ ಅಲ್ಲಿ ಪದದ ಉತ್ತರಾರ್ಧವೇ ಮಾಯವಾಗಿದೆ.

ಗ್ರೀಕಿನಲ್ಲಿ ‘ಒಲಿಗೋಸ್’ ಎಂದರೆ ಕೆಲವರು, ‘ಆರ್ಖೆ’ ಎಂದರೆ ಆಳ್ವಿಕೆ. ‘ಮೊನಾರ್ಕಿ’ಯಲ್ಲಿ ಒಬ್ಬನ ಕೈಯಲ್ಲಿರುವ, ‘ಅನಾರ್ಕಿ’ಯಲ್ಲಿ ಯಾರ ಕೈಯಲ್ಲೂ ಇಲ್ಲದ ಅದೇ ಆಳ್ವಿಕೆ ಇಲ್ಲಿ ಕೆಲವರ ಕೈಯಲ್ಲಿದೆ. ಪದದ ಎರಡು ತುಂಡುಗಳಲ್ಲಿ ಯಾವುದರಲ್ಲೂ ಹಣದ ಸುಳಿವಿಲ್ಲ. ಎಲ್ಲ ಊರುಗಳಲ್ಲೂ ಸಿರಿವಂತರು ಕೆಲವರು, ಬಡವರು ಬಹುಮಂದಿ, ಆದ್ದರಿಂದ ತಲೆಯೆಣಿಕೆ ಆಕಸ್ಮಿಕ. ಸಂಪತ್ತಿದ್ದವರು ಆ ಸಂಪತ್ತಿನ ಬಲದಿಂದ ತಮ್ಮ ಹಿತಕ್ಕಾಗಿ ಆಳುವುದೇ ಇದರ ಲಕ್ಷಣ ಎಂದು ಬಿಡಿಸಿ ಹೇಳಿದವನು ಅರಿಸ್ಟಾಟಲ್. ಅವನೂ ಆಳ್ವಿಕೆಯನ್ನು ಕೈಬಿಡಲಿಲ್ಲ ಎಂಬುದನ್ನು ಗಮನಿಸಬೇಕು.

ಕನ್ನಡದಲ್ಲಿ ತೊಡಕು ಇನ್ನೂ ಸ್ವಾರಸ್ಯಕರವಾಗಿದೆ. ‘ಕೋಟ್ಯಧಿಪತಿ’ಯಲ್ಲಿ ಅಧಿಪತಿ ಇದ್ದಾನಾದರೂ ಅವನು ಕೋಟಿಗಳಿಗೆ ಅಧಿಪತಿಯೇ ಹೊರತು ಜನರಿಗಲ್ಲ. ಒಲಿಗಾರ್ಕಿಗೆ ‘ಅಲ್ಪಜನಾಧಿಪತ್ಯ’ ಎಂದರೆ ಒಪ್ಪುತ್ತದೆ; ಆದರೆ ಆಳುವವನನ್ನು ಹೆಸರಿಸಲು ‘ಅಲ್ಪಜನಾಧಿಪತಿ’ ಎಂದೊಡನೆ ಅಲ್ಪ ಜನರಿಗೆ ಅಧಿಪತಿ ಎಂಬ ತಿರುಗುಮುರುಗಾದ ಅರ್ಥ ಬಂದು ನಿಲ್ಲುತ್ತದೆ. ನನಗೆ ಹತ್ತಿರವೆನಿಸುವುದು ‘ಧಣಿ’. ಧನದ ನಂಟಿನ ಈ ಪದ ನಮ್ಮ ಬಾಯಲ್ಲಿ ಯಜಮಾನನಾಗಿದೆ. ಪತ್ರಿಕೆಗಳು ಬಳ್ಳಾರಿಯ ‘ಗಣಿಧಣಿ’ಗಳೆಂದು ಬರೆಯುತ್ತಿದ್ದಾಗ ಓದುಗರಿಗೆ ಹಣ, ಹುಕುಂ ಎರಡೂ ಒಟ್ಟಿಗೆ ಕೇಳಿಸುತ್ತಿದ್ದವು.

ಈ ಗ್ರೀಕ್ ಪದಕ್ಕೆ ಇಂದಿನ ಬಳಕೆಯನ್ನು ಕೊಟ್ಟದ್ದು 1990ರ ದಶಕದ ರಷ್ಯಾ. 1992ರಲ್ಲಿ ಪ್ರತಿ ಪ್ರಜೆಗೂ 10,000 ರೂಬಲ್ ಮುಖಬೆಲೆಯ ಖಾಸಗೀಕರಣದ ವೌಚರ್, ಅಂದರೆ ಸರ್ಕಾರಿ ಕಂಪನಿಗಳ ಷೇರಿಗೆ ಬದಲಾಯಿಸಿಕೊಳ್ಳಬಹುದಾದ ಚೀಟಿ, ಹಂಚಲಾಯಿತು. ಬೆಲೆಗಳು ದಿನದಿನಕ್ಕೆ ಏರುತ್ತಿದ್ದ ಆ ವರ್ಷ ಎಷ್ಟೋ ಮಂದಿ ಅದನ್ನು ಸಿಕ್ಕಷ್ಟಕ್ಕೆ ಮಾರಿಕೊಂಡರು. ನಿಜವಾದ ಕಥೆ ಇರುವುದು 1995ರ ‘ಸಾಲಕ್ಕೆ ಷೇರು’ ಯೋಜನೆಯಲ್ಲಿ. ಬೊಕ್ಕಸ ಬರಿದಾಗಿದ್ದ ಸರ್ಕಾರ ತೈಲ ಮತ್ತು ಲೋಹದ ಕಂಪನಿಗಳ ಷೇರುಗಳನ್ನು ಅಡವಿಟ್ಟು ಬ್ಯಾಂಕುಗಳಿಂದ ಸಾಲ ಪಡೆಯಿತು, ತೀರಿಸಲಿಲ್ಲ, ಷೇರುಗಳು ಸಾಲ ಕೊಟ್ಟವರ ಪಾಲಾದವು. ನೊರಿಲ್ಸ್ಕ್ ನಿಕಲ್ ಕಂಪನಿಯ ಶೇ 38ರಷ್ಟು ಷೇರಿನ ಹರಾಜಿನಲ್ಲಿ ಆರಂಭದ ಬೆಲೆ 17 ಕೋಟಿ ಡಾಲರ್. ಗೆದ್ದ ಬಿಡ್ 17.01 ಕೋಟಿ. ಎರಡರಷ್ಟು ಹಣ ಕೂಗಿದ ಎದುರಾಳಿಯನ್ನು ಅನರ್ಹಗೊಳಿಸಲಾಯಿತು. ಹರಾಜು ನಡೆಸಿದ್ದು ವ್ಲಾದಿಮಿರ್ ಪೊತಾನಿನ್ ಅವರ ಬ್ಯಾಂಕು, ಗೆದ್ದದ್ದು ಅವರ ಬಳಗ, ಯೋಜನೆಯ ಕಲ್ಪನೆಯೂ ಅವರದೇ. ಅದೇ ಬಗೆಯಲ್ಲಿ ಸಿಬ್ನೆಫ್ಟ್ ತೈಲ ಕಂಪನಿಯ ಶೇ 51ರಷ್ಟು ಪಾಲು ಸುಮಾರು 10 ಕೋಟಿ ಡಾಲರ್‌ಗೆ ಕೈಬದಲಾಯಿತು. 2005ರಲ್ಲಿ ಸರ್ಕಾರದ ಹಿಡಿತದ ಗಾಜ್‌ಪ್ರೊಮ್ ಆ ಕಂಪನಿಯ ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಕೊಳ್ಳಲು ತೆತ್ತದ್ದು ಸುಮಾರು 1,300 ಕೋಟಿ ಡಾಲರ್.

ಇಷ್ಟಾದರೂ ಹೀಗೆ ಕಂಪನಿಗಳನ್ನು ಪಡೆದವರು ಕೇವಲ ಅತಿ ಶ್ರೀಮಂತರು. ಅವರನ್ನು ಒಲಿಗಾರ್ಕ್ ಮಾಡಿದ್ದು 1996. ಆ ವರ್ಷ ಚುನಾವಣೆಯಲ್ಲಿ ಸೋಲಿನ ಅಂಚಿನಲ್ಲಿದ್ದ ಅಧ್ಯಕ್ಷ ಯೆಲ್ಟ್ಸಿನ್ ಅವರನ್ನು ಬ್ಯಾಂಕುಗಳ ಹಣವೂ ಟಿವಿ ವಾಹಿನಿಗಳೂ ಸೇರಿ ಗೆಲ್ಲಿಸಿದವು. ಆಗಸ್ಟ್‌ನಲ್ಲಿ ಪೊತಾನಿನ್ ಮೊದಲ ಉಪಪ್ರಧಾನಿಯಾದರು, ಅಕ್ಟೋಬರ್‌ನಲ್ಲಿ ಉದ್ಯಮಿ ಬೊರಿಸ್ ಬೆರೆಜೊವ್‌ಸ್ಕಿ ರಷ್ಯಾದ ಭದ್ರತಾ ಮಂಡಳಿಯೊಳಕ್ಕೆ ಬಂದರು. 1610ರಲ್ಲಿ ಏಳು ಮಂದಿ ಶ್ರೀಮಂತ ಸರದಾರರು ಮಾಸ್ಕೋ ಆಳಿದ ಪರಿಗೆ ‘ಸೆಮಿಬೊಯಾರ್ಷ್ಚಿನ’ ಎಂಬ ಹೆಸರಿದ್ದುದರಿಂದ, ರಷ್ಯನ್ನರು ಇದನ್ನು ‘ಸೆಮಿಬಂಕಿರ್ಷ್ಚಿನ’, ಏಳು ಬ್ಯಾಂಕರುಗಳ ಆಳ್ವಿಕೆ, ಎಂದು ಲೇವಡಿ ಮಾಡಿದರು. ಕುಹಕವಾದರೂ ಪದಪ್ರಯೋಗ ಕರಾರುವಾಕ್ಕಾಗಿತ್ತು.

ಹಾಗಾದರೆ ಇಂದಿನ ರಷ್ಯಾದ ಕುಬೇರರು ಒಲಿಗಾರ್ಕ್‌ಗಳೇ? ನಾನಂತೂ ಒಪ್ಪುವುದಿಲ್ಲ. 2003ರ ಅಕ್ಟೋಬರ್‌ನಲ್ಲಿ ಮಿಖಾಯಿಲ್ ಖೊದರ್‌ಕೊವ್‌ಸ್ಕಿ ಬಂಧನವಾಗಿ, ಮರುವರ್ಷ ಅವರ ಯೂಕೊಸ್ ಕಂಪನಿಯ ಮುಖ್ಯ ತೈಲ ಘಟಕ ಸರ್ಕಾರಿ ರೊಸ್ನೆಫ್ಟ್‌ನ ಮಡಿಲು ಸೇರಿದಾಗ ಆಳುವವರು ಯಾರೆಂಬುದು ನಿಚ್ಚಳವಾಯಿತು. 2009ರ ಜೂನ್‌ನಲ್ಲಿ ಪಿಕಲ್ಯೋವೊ ಪಟ್ಟಣದ ಕಾರ್ಮಿಕರು ಸಂಬಳವಿಲ್ಲದೆ ಹೆದ್ದಾರಿ ತಡೆದಿದ್ದರು. ಅಲ್ಲಿಗೆ ಬಂದ ಅಂದಿನ ಪ್ರಧಾನಿ ಪುಟಿನ್, ಕ್ಯಾಮೆರಾಗಳ ಮುಂದೆ ಅಲ್ಲಿನ ಕಾರ್ಖಾನೆಯೊಂದರ ಒಡೆಯ ಒಲೆಗ್ ದೆರಿಪಾಸ್ಕ ಅವರನ್ನು ಕರೆದು ಒಪ್ಪಂದಕ್ಕೆ ಸಹಿ ಹಾಕಿಸಿ, ಹಿಂದಿರುಗುತ್ತಿದ್ದವರನ್ನು ತಡೆದು ತಮ್ಮ ಪೆನ್ನನ್ನು ವಾಪಸ್ ಕೇಳಿದರು. ದೆರಿಪಾಸ್ಕ ಅವರ ಬಳಿ ಹಣಕ್ಕೆ ಕೊರತೆ ಇರಲಿಲ್ಲ. ‘ಆರ್ಖೆ’ ಮಾತ್ರ ಪೆನ್ನಿನ ಒಡೆಯರ ಬಳಿ ಇತ್ತು.

ಪದವನ್ನು ಸಡಿಲ ಬಿಡುವುದು ನಮ್ಮ ವರದಿಗಾರರೊಬ್ಬರದೇ ದೋಷವಲ್ಲ. 2018ರಲ್ಲಿ ಅಮೆರಿಕದ ಖಜಾನೆ ಇಲಾಖೆ 96 ‘ರಷ್ಯನ್ ಒಲಿಗಾರ್ಕ್‌’ಗಳ ಪಟ್ಟಿ ಹೊರಡಿಸಿದಾಗ ಅದರ ಅಳತೆಗೋಲು 100 ಕೋಟಿ ಡಾಲರ್ ಆಸ್ತಿ, ಆಕರ ಫೋರ್ಬ್ಸ್ ಪಟ್ಟಿ. ಉಕ್ರೇನ್ ಹೆಚ್ಚು ಎಚ್ಚರ ವಹಿಸಿತು. ಅದರ 2021ರ ಕಾನೂನು ನಾಲ್ಕು ಲಕ್ಷಣಗಳನ್ನು ಹೇಳುತ್ತದೆ: ರಾಜಕೀಯದಲ್ಲಿ ಪಾಲು, ಮಾಧ್ಯಮಗಳ ಮೇಲೆ ಗಣನೀಯ ಪ್ರಭಾವ, ಏಕಸ್ವಾಮ್ಯದ ಉದ್ಯಮದ ಒಡೆತನ, ನಿಗದಿತ ಮಿತಿ ಮೀರಿದ ಆಸ್ತಿ. ಇವುಗಳಲ್ಲಿ ಮೂರಾದರೂ ಹೊಂದಬೇಕು. ಆಸ್ತಿಯೊಂದೇ ಇದ್ದವನು, ಅದು ಎಷ್ಟೇ ಇರಲಿ, ಆ ಕಾನೂನಿನ ಕಣ್ಣಿಗೆ ಒಲಿಗಾರ್ಕ್ ಅಲ್ಲ.